ಕಡ ತಂದ ಮಾತು

ಇಂಗ್ಲಿಷ್ ಮಾತಾಡುವುದಕ್ಕೆ ನನಗೆ ಹೆದರಿಕೆಯಾಗುವುದು ಬೆಂಗಳೂರಿನಿಂದ ಬಂದವರ ಎದುರಿಗೆ. ಜರ್ಮನಿಯವರ ಎದುರಿಗೆ ಆಗುವುದಿಲ್ಲ. ಹೋಂಸ್ಟೇ ಶುರು ಮಾಡಿದ ಹೊಸತರಲ್ಲಿ ಇದನ್ನು ಮನೆಯವರ ಹತ್ತಿರ ಹೇಳಿದರೆ, "ಎಂತ ಉಲ್ಟಾ ಹೆದರಿಕೆ ಮಾರಾಯ್ತಿ ನಿಂದು" ಎಂದು ನಕ್ಕರು. ಉಲ್ಟಾ ಎಂದು ನನಗೂ ಅನ್ನಿಸಿತ್ತು. ಕಾರಣ ಹೊಳೆದದ್ದು ಬಹಳ ದಿನದ ಮೇಲೆ, ಕಾಫಿ ತೂಕ ಹಾಕುತ್ತಾ ನಿಂತಾಗ.

ನಮ್ಮ ತೋಟ ಇರುವುದು ಮೂಡಿಗೆರೆ ತಾಲ್ಲೂಕಿನಲ್ಲಿ, ಕೊಟ್ಟಿಗೆಹಾರದಿಂದ ಒಳಕ್ಕೆ. ನಮ್ಮ ಕಡೆಯ ಹೆಂಗಸರಿಗೆ ಸಾಮಾನ್ಯವಾಗಿ ಆಂಥೂರಿಯಂ ಹುಚ್ಚು. ಗಂಡಸರಿಗೆ ಹಳೇ ಶಿಕಾರಿಯ ಕಥೆ ಹೇಳುವ ಹುಚ್ಚು. ನನ್ನದು ಬೇರೆಯವರ ಭಾಷೆಯಲ್ಲಿ ಮಾತಾಡುವ ಹುಚ್ಚು. ಓದುವ ಬರೆಯುವ ಗೋಜಿಲ್ಲ, ಮಾತು ಮಾತ್ರ. ಇದಕ್ಕೆ ಕಾಸು ಖರ್ಚಿಲ್ಲ, ಗೊಬ್ಬರ ಬೇಡ, ಮಳೆಗಾಲದಲ್ಲಿ ಕೊಳೆಯುವುದೂ ಇಲ್ಲ. ಜಾಗವೂ ಒಳ್ಳೆಯದೇ ಸಿಕ್ಕಿದೆ. ಮೂಡಿಗೆರೆಯ ಸಂತೆಯಲ್ಲಿ ಒಂದು ಸುತ್ತು ಹಾಕಿದರೆ ಕನ್ನಡ, ತುಳು, ಕೊಂಕಣಿ, ಬ್ಯಾರಿ, ತಮಿಳು, ಮಲಯಾಳ ಎಲ್ಲ ಕಿವಿಗೆ ಬೀಳುತ್ತವೆ. ಈಗ ಅಸ್ಸಾಂ ಮತ್ತು ಜಾರ್ಖಂಡಿನ ಮಾತೂ ಸೇರಿದೆ. ಕಳಸದ ಕಡೆಯವರಿಗೆ ಇದು ಇನ್ನೂ ಹಳೆಯ ಅಭ್ಯಾಸ. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿದ ಮೇಲೆ ಆ ಕಾಡಿನ ನಡುವೆ ದೇಶದ ಮೂಲೆಮೂಲೆಯ ಜನ ಬಂದು ನೆಲೆಸಿದರು. 2005ರ ಕೊನೆಗೆ ಗಣಿ ನಿಂತಿತು, ಜನ ಚದುರಿದರು. ಅಷ್ಟರಲ್ಲಿ ಸುತ್ತಲ ಅಂಗಡಿಯವರಿಗೆ ಹಿಂದಿಯಲ್ಲಿ ಚೌಕಾಸಿ ಮಾಡುವುದು ಬಂದಿತ್ತು.

ತುಳು ನನಗೆ ಯಾರೂ ಕಲಿಸಲಿಲ್ಲ. ಆಗೆಲ್ಲ ತೋಟದ ಕೆಲಸಕ್ಕೆ ಘಟ್ಟದ ಕೆಳಗಿನಿಂದ ಚಾರ್ಮಾಡಿ ಹತ್ತಿ ಆಳುಗಳು ಬರುತ್ತಿದ್ದರು. ಲೈನ್ ಮನೆಗಳ ಮುಂದೆ ಅವರ ಮಕ್ಕಳ ಜೊತೆ ಆಡಿದ್ದೇ ಪಾಠ. "ಬರ್ಸ ಬರ್ಪುಂಡು" ಎಂದು ಯಾರಾದರೂ ಕೂಗಿದರೆ ಕಣದಲ್ಲಿ ಹರವಿದ್ದ ಕಾಫಿ ರಾಶಿ ಮಾಡಲು ಎಲ್ಲರಿಗಿಂತ ಮುಂಚೆ ಓಡುತ್ತಿದ್ದವಳು ನಾನು. ತುಳುವಿನಲ್ಲಿ ಧೈರ್ಯದ ಪ್ರಶ್ನೆಯೇ ಏಳಲಿಲ್ಲ. ಮಕ್ಕಳಿಗೆ ಮಾನ ಹೋಗುವ ಭಯ ಇರುವುದಿಲ್ಲ, ತುಳುವಿನ ಜಾಯಮಾನವೂ ಕನ್ನಡಕ್ಕೆ ಹತ್ತಿರದ್ದೇ.

ಹಿಂದಿಯ ಕಥೆ ಬೇರೆ. ಹೈಸ್ಕೂಲಿನಲ್ಲಿದ್ದಾಗ ಮಧ್ಯಮಾ, ರಾಷ್ಟ್ರಭಾಷಾ ಎಂದು ಪರೀಕ್ಷೆ ಕಟ್ಟಿ ಪಾಸಾಗಿದ್ದೆ. ದೋಹೆಗಳು ಬಾಯಿಪಾಠ ಇದ್ದವು. ಅಸ್ಸಾಮಿನ ಮೊದಲ ತಂಡ ನಮ್ಮ ಲೈನಿಗೆ ಬಂದ ದಿನ, ನೀರಿನ ನಲ್ಲಿ ಎಲ್ಲಿದೆ ಎಂದು ಹೇಳಲು ಆ ದೋಹೆಗಳಲ್ಲಿ ಒಂದೂ ಕೆಲಸಕ್ಕೆ ಬರಲಿಲ್ಲ. ತೋಟದ ಲೆಕ್ಕ ಬರೆಯುವ ನಮ್ಮ ರೈಟರು ಹಿಂದಿ ಪರೀಕ್ಷೆಯ ವಾಸನೆಯೂ ಇಲ್ಲದವರು. ಅವರು ಅದಾಗಲೇ "ಲಾಲ್ ತೋಡೋ, ಹರಾ ಛೋಡೋ" ಎಂದು ಹಣ್ಣು ಕುಯ್ಯುವ ಶಾಸ್ತ್ರವನ್ನೆಲ್ಲ ನಾಲ್ಕು ಮಾತಿನಲ್ಲಿ ಮುಗಿಸಿ ಬೀಡಿ ಹಚ್ಚಿದ್ದರು.

ನನ್ನ ಪಾಲಿಗೆ ಬಂದದ್ದು ಸಂಜೆಯ ತೂಕ. ಕುಯ್ಲಿನ ಕಾಲದಲ್ಲಿ ಕೂಲಿ ಕೆಜಿ ಲೆಕ್ಕ. ರೊಬಸ್ಟಾ ಚೆನ್ನಾಗಿ ಹಿಡಿದ ವರ್ಷ, ಗಿಡದ ಬುಡಕ್ಕೆ ಟಾರ್ಪಾಲು ಹಾಸಿ ಎರಡು ಕೈಯಲ್ಲೂ ಜಗ್ಗುವ ಗಟ್ಟಿಗರು ದಿನಕ್ಕೆ ನೂರು ಕೆಜಿ ದಾಟಿಸುತ್ತಾರೆ. ಚೀಲ ತಂದು ತಕ್ಕಡಿಗೆ ಇಡುತ್ತಾರೆ. ನಾನು ತೂಕ ಕೂಗಬೇಕು, ರೈಟರು ಬರೆದುಕೊಳ್ಳಬೇಕು, ಕುಯ್ದವರು ಒಪ್ಪಬೇಕು. ಇಲ್ಲಿ ಹಿಂದಿ ನನ್ನನ್ನು ಸರಿಯಾಗಿ ಹಿಡಿದುಹಾಕಿತು. ಕನ್ನಡದಲ್ಲಿ ಐವತ್ತು ಗೊತ್ತಿದ್ದರೆ ಐವತ್ತೊಂಬತ್ತೂ ಗೊತ್ತಾದ ಹಾಗೆಯೇ. ಹಿಂದಿಯಲ್ಲಿ ನೂರರವರೆಗೆ ಹೆಚ್ಚುಕಮ್ಮಿ ಪ್ರತಿಯೊಂದನ್ನೂ ಬೇರೆಬೇರೆ ಕಲಿಯಬೇಕು. ಐವತ್ತೊಂಬತ್ತಕ್ಕೆ ಉನ್‌ಸಠ್, ಅರವತ್ತೊಂಬತ್ತಕ್ಕೆ ಉನ್‌ಹತ್ತರ್, ಎಪ್ಪತ್ತೊಂಬತ್ತಕ್ಕೆ ಉನ್ಯಾಸಿ. ಓಹೋ, ಮುಂದಿನ ಹತ್ತಕ್ಕೆ ಒಂದು ಕಡಿಮೆ ಎಂದು ಲೆಕ್ಕ ಸಿಕ್ಕಿತು ಎನ್ನುವಷ್ಟರಲ್ಲಿ ಎಂಬತ್ತೊಂಬತ್ತು ನವಾಸಿ ಎಂದು, ತೊಂಬತ್ತೊಂಬತ್ತು ನಿನ್ಯಾನವೆ ಎಂದು ಕೈಕೊಡುತ್ತವೆ.

ಆದರೆ ಈ ಅಂಕಿಗಳಲ್ಲಿ ದುಡ್ಡಿತ್ತು. ನನ್ನ ಬಾಯಿಂದ ಉನ್‌ಸಠ್ ಬಂದರೆ ಒಂದು ಕೂಲಿ, ಉನ್‌ಹತ್ತರ್ ಬಂದರೆ ಇನ್ನೊಂದು. ಹೀಗಾಗಿ ಎದುರಿಗಿದ್ದವರು ನನ್ನ ಉಚ್ಚಾರ ಗಮನಿಸದೆ ಅಂಕಿಯನ್ನೇ ಗಮನಿಸಿದರು. ದಿನವೂ ಅದೇ ಹೊತ್ತು, ಅದೇ ಜಾಗ, ಅದೇ ಮಾತು. ಚೀಲ ಇಡು, ಎಷ್ಟಾಯ್ತು, ಕಸ ತೆಗಿ, ನಾಳೆ ಮೇಲಿನ ಬ್ಲಾಕು, ಬಟವಾಡೆ ಯಾವತ್ತು. ಡಿಸೆಂಬರಿನಲ್ಲಿ ತಡವರಿಸುತ್ತಿದ್ದ ನಾಲಗೆ ಉದುರು ಹಣ್ಣು ಹೆಕ್ಕುವ ಹೊತ್ತಿಗೆ ಯೋಚನೆಯನ್ನು ಕಾಯದೆ ತಾನೇ ಅಂಕಿ ಕೂಗುತ್ತಿತ್ತು. ಭಾಷೆ ಕಲಿಸುವವರು ಜಗತ್ತಿನ ವಿಷಯವನ್ನೆಲ್ಲ ಮಾತಾಡಿ ಎಂದು ಹುರಿದುಂಬಿಸುತ್ತಾರೆ. ಹೊಸಬರಿಗೆ ಅದು ಒಳ್ಳೆಯ ಸಲಹೆ ಎಂದು ನನಗೆ ಅನ್ನಿಸುವುದಿಲ್ಲ. ದಿನವೂ ತಪ್ಪದೆ ಬರುವ ಒಂದು ಸಣ್ಣ ಕೆಲಸ ಹಿಡಿದುಕೊಂಡು ಅದರಷ್ಟೇ ಮಾತನ್ನು ಹದ ಮಾಡಿಕೊಳ್ಳುವುದು ಮೇಲು.

ನನಗೆ ಧೈರ್ಯ ಕೊಟ್ಟ ಮುಖ್ಯ ಸಂಗತಿ ಇನ್ನೊಂದಿದೆ. ಬಂದವರಲ್ಲಿ ಹಲವರಿಗೆ ಹಿಂದಿ ಮನೆಮಾತಲ್ಲ. ಅಸ್ಸಾಮಿನ ಚಹಾ ತೋಟಗಳ ಜನ ಅವರು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷರು ಛೋಟಾ ನಾಗಪುರದ ಗುಡ್ಡಗಳಿಂದ, ಅಂದರೆ ಇವತ್ತಿನ ಜಾರ್ಖಂಡಿನಿಂದ, ಚಹಾ ಕೀಳಲು ಕರೆದೊಯ್ದವರ ಸಂತಾನ. ನಾನಾ ಬುಡಕಟ್ಟಿನವರು ಒಂದೇ ಲೈನಿನಲ್ಲಿ ಬಾಳುವಾಗ ಬಳಕೆಯಾದ ಸಾದ್ರಿ ಎಂಬ ಮಾತು ಅವರದ್ದು, ಹೊರಗೆ ಅಸ್ಸಾಮಿ. ಹಿಂದಿಯನ್ನು ಅವರೂ ನಮ್ಮ ಹಾಗೆಯೇ ಪಕ್ಕದ ಮನೆಯಿಂದ ಸಕ್ಕರೆ ತಂದ ಹಾಗೆ ಕಡ ತಂದವರು. ಚಹಾ ತೋಟದಿಂದ ಬಂದವರು, ಕಾಫಿ ತೋಟದಲ್ಲಿ ಹುಟ್ಟಿದವಳು, ನಡುವೆ ಇಬ್ಬರದ್ದೂ ಅಲ್ಲದ ಭಾಷೆ. ಗಾಡಿ ಹೆಣ್ಣೋ ಗಂಡೋ, ಕಾಫಿ ಪಕ್ ಗಯಾ ಎನ್ನಬೇಕೋ ಪಕ್ ಗಯೀ ಎನ್ನಬೇಕೋ ಎಂದು ತೀರ್ಪು ಕೊಡುವವರು ಆ ಕಣದಲ್ಲಿ ಯಾರೂ ಇರಲಿಲ್ಲ. ಹಣ್ಣಾಗಿದೆಯೋ ಇಲ್ಲವೋ ಅಷ್ಟು ತಿಳಿದರೆ ಸಾಕಿತ್ತು. ವ್ಯಾಕರಣ ಹಾಳಾಗುವುದಿಲ್ಲವೇ ಎಂದು ಹಿಂದಿ ಮೇಡಂ ಆಗಿರುವ ನನ್ನ ನಾದಿನಿ ಕೇಳುತ್ತಾಳೆ. ಹಾಳಾಗುತ್ತದೆ. ರಿಪೇರಿ ಮಾಡುವುದಕ್ಕಾದರೂ ಮೊದಲು ಗಾಡಿ ಹೊರಡಬೇಕಲ್ಲ.

ಸಣ್ಣ ವರ್ತುಲದಿಂದ ನನ್ನ ಹಿಂದಿಯನ್ನು ಹೊರಗೆ ತಂದದ್ದು ಆನೆ. ಮೂಡಿಗೆರೆಯ ತೋಟದವರಿಗೆ ಆನೆಯ ವಿಷಯ ಹೊಸದಾಗಿ ಹೇಳಬೇಕಿಲ್ಲ. ಆನೆ ಎಲ್ಲಿದೆ ಎಂದು ಅರಣ್ಯ ಇಲಾಖೆಯ ಸಂದೇಶ ಬಂದ ಬೆಳಿಗ್ಗೆ ಹಾಜರಿಗೆ ನಿಂತವರಿಗೆ ಯಾವ ಬ್ಲಾಕಿಗೆ ಹೋಗಬಾರದು, ಯಾಕೆ, ರಾತ್ರಿ ಎಲ್ಲಿ ದಾಟಿತು ಎಂದೆಲ್ಲ ವಿವರಿಸಬೇಕು. ಅಸ್ಸಾಮಿನವರಿಗೂ ಆನೆ ಹೊಸತಲ್ಲ. ಭತ್ತ ಕೊಯ್ಲಿಗೆ ಬರುವಾಗ ಅವರ ಗದ್ದೆಗೂ ಹಿಂಡು ಇಳಿಯುತ್ತದೆ. ಕಂಬದ ಮೇಲೆ ಟೊಂಗಿ ಎಂಬ ಅಟ್ಟಣೆ ಕಟ್ಟಿ ರಾತ್ರಿಯಿಡೀ ಕಾಯುತ್ತಾರೆ. ಒಂದು ಸಂಜೆ ತೂಕ ಮುಗಿದ ಮೇಲೆ ಒಬ್ಬಾಕೆ, ಅವಳ ಊರಿನ ಆನೆಯೊಂದು ಅಡುಗೆ ಮನೆಯ ಗೋಡೆ ಒಡೆದು ಉಪ್ಪಿನ ಡಬ್ಬ ಹೊತ್ತೊಯ್ದ ಕಥೆ ಹೇಳಿದಳು. ನಾನು ಸುಮ್ಮನಿರುವುದುಂಟೇ? ನಮ್ಮ ಹಲಸಿನ ಮರದ ಆನೆಯ ಕಥೆ ತೆಗೆದೆ. ಭೂತಕಾಲ, ಅಪೂರ್ಣ ಭೂತ, "ಅಷ್ಟರಲ್ಲಿ", "ಆದರೂ", "ಇಲ್ಲದಿದ್ದರೆ" ಎಲ್ಲ ಬೇಕಾಯಿತು, ಎಲ್ಲ ಹೇಗೋ ಬಂತು. ಕೊನೆಗೆ ಅವರೆಲ್ಲ ನಕ್ಕಿದ್ದು ನಾನು ನಗಬೇಕೆಂದುಕೊಂಡ ಜಾಗದಲ್ಲೇ. ಪರಭಾಷೆಯಲ್ಲಿ ನಗಿಸಿದ ಆ ಖುಷಿಗೆ ಹಿಂದಿನ ಸರ್ಟಿಫಿಕೇಟುಗಳೆಲ್ಲ ಸೇರಿದರೂ ಸಮ ಬರುವುದಿಲ್ಲ.

ಇನ್ನು ಇಂಗ್ಲಿಷ್. ಕಾಫಿ ಬೆಳೆಯುವವರ ಬಾಯಲ್ಲಿ ಇಂಗ್ಲಿಷ್ ಎಷ್ಟಿದೆ ಎಂಬುದು ನಮಗೇ ಗೊತ್ತಿರುವುದಿಲ್ಲ. 1850ರ ದಶಕದಲ್ಲಿ ಮಂಜರಾಬಾದಿಗೆ ಬಂದು ಕಾಫಿ ಹಾಕಿ, 1871ರಲ್ಲಿ ಮೈಸೂರು ಕಾಡಿನ ಅನುಭವಗಳನ್ನು ಪುಸ್ತಕ ಮಾಡಿದ ರಾಬರ್ಟ್ ಎಲಿಯಟ್‌ನಂಥ ಪ್ಲಾಂಟರುಗಳು ಹೋಗಿ ಎಷ್ಟೋ ಕಾಲವಾಯಿತು. ರೈಟರು, ಲೈನು, ಪಲ್ಪರು, ಪಾರ್ಚ್‌ಮೆಂಟು, ಬೋರರು, ಔಟ್‌ಟರ್ನು ಇಲ್ಲೇ ಉಳಿದುಕೊಂಡವು. ನಾಮಪದ ರೆಡಿ ಇದೆ, ಕ್ರಿಯಾಪದ ಹುಡುಕಿಕೊಂಡರಾಯಿತು. ಅದಕ್ಕೆ ಬಾಬಾ ಬುಡನ್ ಸಹಾಯಕ್ಕೆ ಬಂದರು. ಯೆಮನ್ನಿನ ಮೋಕಾದಿಂದ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರು ಎಂಬ, 1670ರ ಸುಮಾರಿನದೆನ್ನುವ ಐತಿಹ್ಯವನ್ನು ಅತಿಥಿಗಳಿಗೆಲ್ಲ ಹೇಳಿ ಹೇಳಿ ನುಣುಪು ಮಾಡಿಕೊಂಡೆ. ಬಾಯಿಪಾಠ ಎಂದು ಹೀಗಳೆಯಬೇಡಿ. ಎಡವಿದಾಗ ಕಾಲೂರಲು ಒಂದು ಗಟ್ಟಿ ಜಾಗ ಬೇಕಾಗುತ್ತದೆ. ಅಲ್ಲಿಂದ ಮುಂದಿನ ಪ್ರಶ್ನೆಗಳಿಗೆ ಸ್ವಂತ ಇಂಗ್ಲಿಷೇ ಗತಿ. ಬ್ರೆಜಿಲಿನಲ್ಲಿ ಬಹುಪಾಲು ಬಯಲಿನಲ್ಲೇ ಬೆಳೆಯುತ್ತಾರಲ್ಲ, ನಿಮಗೇಕೆ ಇಷ್ಟು ಮರ ಎಂದು ಕೇಳಿದ ಜರ್ಮನಿಯ ದಂಪತಿಗೆ ನೆರಳು, ನೆರಳು ಹದ ಮಾಡಲು ಕೊಂಬೆ ಸವರುವ ಮರಗಸಿ, ಸಿಲ್ವರ್ ಓಕಿಗೆ ಹಬ್ಬಿಸಿದ ಮೆಣಸು ಎಲ್ಲ ತೋರಿಸುತ್ತಾ ಹೇಳಿದೆ. ಅವರೂ ನಿಧಾನಕ್ಕೆ ಪದ ಹುಡುಕಿಕೊಂಡು ಮಾತಾಡುವವರೇ. ನಾನು ಕಾದೆ, ಅವರೂ ಕಾದರು. ಮಧ್ಯೆ ಮೌನವಾದಾಗ ಕಾಫಿ ಬಗ್ಗಿಸಿದೆ.

ಬೆಂಗಳೂರಿನವರು ಕಾಯುವುದಿಲ್ಲ. ಒಳ್ಳೆಯವರೇ, ಪಾಪ. ನಾನು ಒಂದು ಪದಕ್ಕೆ ತಡೆದ ಕೂಡಲೇ "ಪರವಾಗಿಲ್ಲ ಆಂಟಿ, ಕನ್ನಡದಲ್ಲೇ ಹೇಳಿ" ಎನ್ನುತ್ತಾರೆ. ಮರ್ಯಾದೆಗೇ ಹೇಳುವುದು. ಆದರೆ ನನ್ನ ಅರ್ಧ ವಾಕ್ಯ ಅಲ್ಲೇ ಸತ್ತುಹೋಗುತ್ತದೆ. ಮುಂದಿನ ಸಲ ಅದೇ ಜಾಗಕ್ಕೆ ಬಂದಾಗ ನಾಲಗೆ ಮೊದಲೇ ಹಿಂಜರಿಯುತ್ತದೆ. ನನ್ನ ಉಲ್ಟಾ ಹೆದರಿಕೆಯ ಗುಟ್ಟು ಇಷ್ಟೇ. ಭಾಷೆ ಚೆನ್ನಾಗಿ ಬಲ್ಲವರ ಎದುರು ಅಭ್ಯಾಸ ಮಾಡಬೇಕು ಎಂಬ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಕಿವಿಗೆ ಅವರು ಬೇಕು. ಬಾಯಿ ಬಿಡುವುದಕ್ಕೆ ಮಾತ್ರ ತಾನೂ ಆ ಭಾಷೆಯನ್ನು ಕಡ ತಂದವನೊಬ್ಬ ಎದುರಿಗಿರಬೇಕು.

ಈಗ ನಮ್ಮ ಲೈನಿನ ಮಕ್ಕಳು ಸರ್ಕಾರಿ ಶಾಲೆಗೆ ಹೋಗುತ್ತಿದ್ದಾರೆ. ಅವರ ಕನ್ನಡದಲ್ಲಿ "ಎಂತ", "ಹೋಗ್ಲ ಮಾರಾಯ" ಎಲ್ಲ ಸೇರಿ ಅದು ಅಪ್ಪಟ ಮಲೆನಾಡಿನದ್ದಾಗಿದೆ. ಕಷ್ಟವಿರುವುದು ದೊಡ್ಡವರಿಗೆ. ಅಂಗಡಿಗೆ ಹೋಗಿ "ಅಕ್ಕಿ ಐದು ಕೆಜಿ..." ಎಂದು ಶುರು ಮಾಡುತ್ತಾರೆ, "ಕೊಡಿ" ಎನ್ನುವ ಮೊದಲೇ ಅಂಗಡಿಯವನು "ಔರ್ ಕ್ಯಾ ಚಾಹಿಯೇ" ಎಂದು ತನ್ನ ಹಿಂದಿ ತೋರಿಸುತ್ತಾನೆ. ಆಮೇಲೆ ಅದೇ ಅಂಗಡಿಕಟ್ಟೆಯ ಮೇಲೆ ಕೂತವರು, ಇವರು ಇಷ್ಟು ವರ್ಷವಾದರೂ ಕನ್ನಡ ಕಲಿಯಲಿಲ್ಲ ಎಂದು ದೂರುತ್ತಾರೆ. ಮೂಡಿಗೆರೆಗೋ ಕಳಸಕ್ಕೋ ಬಂದಾಗ ನಿಮ್ಮ ಹತ್ತಿರವೂ ಯಾರಾದರೂ ಮುರುಕು ಕನ್ನಡದಲ್ಲಿ ಮಾತು ತೆಗೆಯಬಹುದು. ದಯವಿಟ್ಟು ಹಿಂದಿಗೆ ಹೊರಳಬೇಡಿ, ಪದ ಎತ್ತಿಕೊಡಬೇಡಿ. ಒಂದು ಗಳಿಗೆ ನಿಲ್ಲಿ, ವಾಕ್ಯವನ್ನು ಅವರೇ ಮುಗಿಸಲಿ.