ಈ ಸಲ ಗೆದ್ರಾ?

2024ರ ಅಕ್ಟೋಬರ್‌ನಲ್ಲಿ ಅಕ್ಕ ಮಿಷಿಗನ್‌ನಿಂದ ಫೋನ್ ಮಾಡಿದಳು. ನವೆಂಬರ್‌ನಲ್ಲಿ ಭಾವನಿಗೆ ಐವತ್ತು ತುಂಬುತ್ತದೆ. "ಅವರಿಗೆ ಏನು ಕೊಡೋದು ಅಂತ ನೀನೇ ಹೇಳು. ನಿನ್ನ ಕೆಲಸವೇ ಅದಲ್ಲವಾ?" ಅಂದಳು.

ನನ್ನ ಕೆಲಸ ಅದೇ ಎನ್ನುವುದು ಅರ್ಧ ನಿಜ. ಪುಣೆಯ ಬಾಡಿಗೆ ಕಟ್ಟುವುದು ಬಹುಮಟ್ಟಿಗೆ ಶಾಪಿಂಗ್ ಆ್ಯಪ್‌ಗಳ ಅನುವಾದದಿಂದ. ಮಿಕ್ಸರ್, ಬೆಡ್‌ಶೀಟ್, ಗೋಡೆ ಗಡಿಯಾರ ಯಾವುದಿದ್ದರೂ ಕೊನೆಯಲ್ಲಿ 'ಪ್ರೀತಿಪಾತ್ರರಿಗೆ ಉಡುಗೊರೆ ನೀಡಲು ಹೇಳಿ ಮಾಡಿಸಿದ್ದು' ಎಂಬ ಸಾಲು ಸೇರಿಸಬೇಕು. ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೆ ಭಾವನಿಗೆ ಏನು ಕೊಡಬೇಕೆಂದು ಹೊಳೆಯಲಿಲ್ಲ. ಅದಕ್ಕೆ ಬೇರೆ ಕಾರಣವಿತ್ತು. ಮೂರು ವರ್ಷಗಳಿಂದ ನಮ್ಮಿಬ್ಬರ ನಡುವೆ 'ಚೆನ್ನಾಗಿದ್ದೀಯಾ', 'ಚೆನ್ನಾಗಿದ್ದೀನಿ ಭಾವ' ಬಿಟ್ಟು ಮಾತಿರಲಿಲ್ಲ.

ಭಾವ ಶಿವಮೊಗ್ಗದವರು. 1997ರ ಆಗಸ್ಟ್‌ನಲ್ಲಿ ಎಂ.ಎಸ್. ಮಾಡಲು ಆ್ಯನ್ ಆರ್ಬರ್‌ನ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ಆ ವರ್ಷವೇ ಅಲ್ಲಿಯ ಫುಟ್‌ಬಾಲ್ ತಂಡ ಹನ್ನೆರಡಕ್ಕೆ ಹನ್ನೆರಡು ಪಂದ್ಯ ಗೆದ್ದು, 1998ರ ಜನವರಿ 1ರಂದು ರೋಸ್ ಬೌಲ್‌ನಲ್ಲಿ ವಾಷಿಂಗ್ಟನ್ ಸ್ಟೇಟ್ ತಂಡವನ್ನು 21-16ರಿಂದ ಸೋಲಿಸಿತು. ಹೊಸ ಊರು, ಹೊಸ ಚಳಿ, ಗುರುತಿಲ್ಲದ ಜನ. ಹುಡುಗ ಒಂದು ಶನಿವಾರ ಯಾರದೋ ಜೊತೆ ಕ್ರೀಡಾಂಗಣಕ್ಕೆ ಹೋದ. ಅಕ್ಕಪಕ್ಕದವರೆಲ್ಲ ಅವನನ್ನು ತಬ್ಬಿಕೊಂಡು ಕುಣಿದರಂತೆ. ಅಲ್ಲಿಗೆ ಮುಗಿಯಿತು.

ಇದು ಕಾಲಲ್ಲಿ ಒದೆಯುವ ನಮ್ಮ ಫುಟ್‌ಬಾಲ್ ಅಲ್ಲ. ನೂರು ಗಜದ ಅಂಗಳ, ಕಡೆಗೆ ಹನ್ನೊಂದು ಜನ. ಚೆಂಡು ಹಿಡಿದವರಿಗೆ ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಹೋದರೆ ಮತ್ತೆ ನಾಲ್ಕು ಸಿಗುತ್ತದೆ, ಇಲ್ಲದಿದ್ದರೆ ಚೆಂಡು ಎದುರಾಳಿಯ ಪಾಲು. ಕೊನೆಯ ಗೆರೆ ದಾಟಿಸಿದರೆ ಆರು ಅಂಕ, ಕಂಬಗಳ ನಡುವೆ ಒದ್ದರೆ ಮೂರು. ನಮ್ಮ ಕಬಡ್ಡಿಯ ಹಾಗೆಯೇ, ಗೆರೆಯ ಎರಡು ಕಡೆ ಬಗ್ಗಿ ನಿಂತವರು ಒಂದು ಕ್ಷಣದಲ್ಲಿ ಒಬ್ಬರ ಮೇಲೊಬ್ಬರು ಬೀಳುತ್ತಾರೆ.

ಮಿಷಿಗನ್ ಸ್ಟೇಡಿಯಂ ಕಟ್ಟಿದ್ದು 1927ರಲ್ಲಿ. ಈಗ 1,07,601 ಜನ ಕೂರಬಹುದು, ಅಂದರೆ ವಾಂಖೆಡೆಯ ಮೂರು ಪಟ್ಟಿಗೂ ಹೆಚ್ಚು. ಇದೆಲ್ಲ ಒಂದು ಕಾಲೇಜಿನ ಹುಡುಗರ ಆಟಕ್ಕೆ! ಪದವಿ ಮುಗಿಸಿ ಮೂವತ್ತು ನಲವತ್ತು ವರ್ಷವಾದವರೂ 'ನಾವು ಗೆದ್ದೆವು' ಎನ್ನುತ್ತಾರೆ, 'ಅವರು ಗೆದ್ದರು' ಎನ್ನುವುದಿಲ್ಲ.

ಇಂಥವರಿಗೆ ಏನು ಕೊಡಬೇಕು? ಮೊದಲ ಪಾಠ ನಮ್ಮ ಮನೆಯಲ್ಲೇ ಆಗಿತ್ತು. ಅಕ್ಕನ ಮದುವೆಯಾದ ಹೊಸತರಲ್ಲಿ ಅಮ್ಮ ಅಳಿಯನಿಗೆಂದು ಕೈಯಾರೆ ಸ್ವೆಟರ್ ಹೆಣೆದು ಕಳಿಸಿದರು. ಬೂದು ಬಣ್ಣ, ಕಡುಗೆಂಪು ಅಂಚು. ಭಾವ ಅದನ್ನು ಮನೆಯೊಳಗೆ ಮಾತ್ರ ಹಾಕುತ್ತಿದ್ದರು. ಹೊರಗೆ ಹೊರಟರೆ ತೆಗೆದಿಡುತ್ತಿದ್ದರು. ಅಳಿಯನಿಗೆ ಜಂಬ ಎಂದು ಅಮ್ಮ ನೊಂದುಕೊಂಡರು. ಕಡುಗೆಂಪು ಮತ್ತು ಬೂದು ಓಹಾಯೋ ಸ್ಟೇಟ್‌ನ ಬಣ್ಣ ಎಂದು ನಮಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಮಿಷಿಗನ್‌ನವರ ಬಣ್ಣ ನೀಲಿ ಮತ್ತು ಮೆಕ್ಕೆಜೋಳದ ಹಳದಿ. ಬರೀ ಹಳದಿ ಅಂದರೆ ಭಾವ ತಿದ್ದುತ್ತಾರೆ. ದಾವಣಗೆರೆ, ಹಾವೇರಿ ಕಡೆಯ ಕಣದಲ್ಲಿ ರಾಶಿ ಹಾಕಿದ ಮೆಕ್ಕೆಜೋಳ ನೋಡಿದವರಿಗೆ ಅದನ್ನು ವಿವರಿಸಬೇಕಾಗಿಲ್ಲ.

ಮಿಷಿಗನ್ ಮತ್ತು ಓಹಾಯೋ ಸ್ಟೇಟ್ ಮೊದಲು ಎದುರಾದದ್ದು 1897ರಲ್ಲಿ. ಈಗ ಪ್ರತಿವರ್ಷ ನವೆಂಬರ್ ಕೊನೆಗೆ ಆಡುತ್ತಾರೆ. ಆ ವಾರ ಓಹಾಯೋದ ಕೊಲಂಬಸ್‌ನ ಕ್ಯಾಂಪಸ್‌ನಲ್ಲಿ ಫಲಕಗಳ ಮೇಲಿನ ಇಂಗ್ಲಿಷ್ 'ಎಂ' ಅಕ್ಷರಕ್ಕೆಲ್ಲ ಕೆಂಪು ಕಾಟು ಹಾಕುತ್ತಾರೆ. ಮಿಷಿಗನ್ ಎಂದು ಬಾಯಿಬಿಟ್ಟು ಹೇಳದೆ 'ಉತ್ತರದ ಆ ತಂಡ' ಅನ್ನುತ್ತಾರೆ. ನಮ್ಮಜ್ಜಿ ಅಜ್ಜನ ಹೆಸರು ಹೇಳದೆ 'ಇವರು' ಅನ್ನುತ್ತಿದ್ದರು. ಅದು ಮರ್ಯಾದೆಗೆ, ಇದು ಹಗೆಗೆ. ಭಾಷಾಶಾಸ್ತ್ರದ ಕ್ಲಾಸಿನಲ್ಲಿ ಎರಡನ್ನೂ ನಿಷಿದ್ಧ ಪದಗಳ ಅಧ್ಯಾಯದಲ್ಲೇ ಓದುತ್ತೇವೆ.

ಎರಡನೆಯ ಪಾಠ ಅಕ್ಕ ಹೇಳಿದ್ದು. ಅಭಿಮಾನಿಗಳ ಮನೆಯಲ್ಲಿ ಟೋಪಿ, ಟೀ ಶರ್ಟ್, ಕಾಫಿ ಮಗ್ಗು ಬೇಕಾದಷ್ಟಿರುತ್ತವೆ, ಇನ್ನೊಂದನ್ನು ಕೊಟ್ಟರೆ ಕಪಾಟಿಗೆ ಭಾರ. ಕೂತ ಜಾಗದಲ್ಲಿ ಉಪಯೋಗಕ್ಕೆ ಬರುವುದನ್ನು ಕೊಡಬೇಕು. ಇಂಥ ಎಷ್ಟೋ ಕ್ರೀಡಾಂಗಣಗಳಲ್ಲಿ ಇರುವುದು ಬೆನ್ನಿಗೆ ಆಸರೆಯಿಲ್ಲದ ಉದ್ದ ಬೆಂಚು. ನವೆಂಬರ್ ಚಳಿಯಲ್ಲಿ ಅದರ ಮೇಲೆ ಮೂರೂವರೆ ಗಂಟೆ ಕೂರಬೇಕು. ಒಳ್ಳೆಯ ಕುಶನ್, ಬೆಚ್ಚನೆಯ ಕೈಗವಸು, ಆಟಕ್ಕೆ ಮುಂಚೆ ಪಾರ್ಕಿಂಗ್ ಜಾಗದಲ್ಲಿ ಅಡುಗೆ ಮಾಡಿ ಹಂಚಿ ತಿನ್ನುವಾಗ ಬೇಕಾಗುವ ಮಡಚು ಕುರ್ಚಿ, ಫ್ಲಾಸ್ಕ್ ಇವುಗಳನ್ನು ಯಾರೂ ಬೇಡ ಅನ್ನುವುದಿಲ್ಲ. (ಭಾವ ಅಲ್ಲಿ ಮಂಡಕ್ಕಿ ಒಗ್ಗರಣೆ ಮಾಡುತ್ತಾರೆ. ಅದಕ್ಕೆ ಕಾಯಂ ಗಿರಾಕಿಗಳಿದ್ದಾರಂತೆ.) ಆದರೆ ಕೊಳ್ಳುವ ಮುಂಚೆ ಆ ಕ್ರೀಡಾಂಗಣದ ನಿಯಮ ಓದಿಕೊಳ್ಳಬೇಕು. ಚೀಲ ಪಾರದರ್ಶಕವಾಗಿರಬೇಕು, ಇಷ್ಟೇ ಅಳತೆಯದಿರಬೇಕು, ಕುಶನ್ ಇಂಥದ್ದೇ ಆಗಬೇಕು ಎಂದೆಲ್ಲ ಇರುತ್ತದೆ. ಓದದಿದ್ದರೆ ಉಡುಗೊರೆ ಗೇಟಿನಲ್ಲೇ ಉಳಿಯುತ್ತದೆ.

ಮೂರನೆಯದು ನೆನಪು. ಈಗ ಟಿಕೆಟ್ ಫೋನಿನಲ್ಲಿ ಬರುತ್ತದೆ, ಆಟ ಮುಗಿದ ಮೇಲೆ ಕೈಯಲ್ಲಿ ಉಳಿಯುವುದು ಏನೂ ಇಲ್ಲ. ಆದ್ದರಿಂದ ಹಳೆಯ ಕಾಗದದ ಟಿಕೆಟ್, ಗೆದ್ದ ಮರುದಿನದ ಪತ್ರಿಕೆಯ ಮುಖಪುಟ ಇವಕ್ಕೆ ಚೌಕಟ್ಟು ಹಾಕಿಸಿ ಕೊಟ್ಟರೆ ತುಂಬಾ ಇಷ್ಟಪಡುತ್ತಾರೆ. "1997ರ ಟಿಕೆಟ್ ಏನಾದರೂ ಇದೆಯಾ ನೋಡು" ಎಂದೆ. ಅಕ್ಕ ಹುಡುಕಿದಳು. 1997ರದ್ದು ಇರಲಿಲ್ಲ. 2003ರ ಎರಡು ಟಿಕೆಟ್ ಇದ್ದವು.

"ಅದು ಮಾವ ಬಂದಿದ್ದಾಗಿನದು" ಅಂದಳು.

ಭಾವನ ಅಪ್ಪ ಅಮೆರಿಕಕ್ಕೆ ಹೋದದ್ದು ಅದೊಂದೇ ಸಲ. ಮಗ ಅವರನ್ನು ಓಹಾಯೋ ಸ್ಟೇಟ್ ಜೊತೆಗಿನ ನೂರನೇ ಪಂದ್ಯಕ್ಕೆ ಕರೆದುಕೊಂಡು ಹೋಗಿದ್ದರು. ಅವತ್ತು ಮಿಷಿಗನ್ 35-21ರಿಂದ ಗೆದ್ದಿತು. ಮಾವನಿಗೆ ಆಟ ಎಷ್ಟು ತಿಳಿಯಿತೋ, ಆ ಜಾತ್ರೆ ಮಾತ್ರ ಹಿಡಿಸಿತ್ತು. ಊರಿಗೆ ಮರಳಿದ ಮೇಲೆ ಪ್ರತಿವರ್ಷ ನವೆಂಬರ್ ಕೊನೆಗೆ, ಪಂದ್ಯದ ಮಾರನೆಯ ಭಾನುವಾರ ಬೆಳಿಗ್ಗೆ ಶಿವಮೊಗ್ಗದಿಂದ ತಪ್ಪದೆ ಫೋನ್. ಒಂದೇ ಪ್ರಶ್ನೆ: "ಈ ಸಲ ಗೆದ್ರಾ?"

2004ರಿಂದ 2019ರವರೆಗೆ ಹದಿನಾರು ಪಂದ್ಯ. ಗೆದ್ದದ್ದು 2011ರಲ್ಲಿ ಒಮ್ಮೆ ಮಾತ್ರ. ಉಳಿದ ಹದಿನೈದು ಭಾನುವಾರ ಮಗ "ಇಲ್ಲಪ್ಪ" ಎನ್ನಬೇಕಾಯಿತು, ಅಪ್ಪ "ಬರೋ ವರ್ಷ ನೋಡೋಣ ಬಿಡು" ಎನ್ನುತ್ತಿದ್ದರು. 2020ರಲ್ಲಿ ಕೋವಿಡ್‌ನಿಂದ ಪಂದ್ಯವೇ ನಡೆಯಲಿಲ್ಲ. 2021ರ ನವೆಂಬರ್ 16ರಂದು ಮಾವ ತೀರಿಕೊಂಡರು.

ಅಕ್ಕ ಇದನ್ನು ಹೇಳುವಾಗ ನಾನು ಸುಮ್ಮನಾದೆ. ಏಕೆಂದರೆ ಆಮೇಲಿನದು ನನಗೆ ಗೊತ್ತಿತ್ತು.

ನವೆಂಬರ್ 27, ಶನಿವಾರ, ಹನ್ನೆರಡನೇ ದಿನ. ಮಾರನೆಯ ದಿನ ವೈಕುಂಠ ಸಮಾರಾಧನೆ. ಪುಣೆಯಿಂದ ನಾನೂ ಹೋಗಿದ್ದೆ. ನಡುಮನೆಯ ತುಂಬ ಮಲಗಿದ ನೆಂಟರು. ನಡುರಾತ್ರಿ ನೀರು ಕುಡಿಯಲು ಎದ್ದಾಗ ಮಹಡಿಯ ಮೆಟ್ಟಿಲ ಮೇಲೆ ಭಾವ ಕೂತಿದ್ದರು. ಕೈಯಲ್ಲಿ ಫೋನ್, ಅದರಲ್ಲಿ ಹಿಮ ಬೀಳುತ್ತಿರುವ ಅಂಗಳ, ಓಡುವ ಹುಡುಗರು. ಪಕ್ಕದಲ್ಲಿ ಎದ್ದಿದ್ದ ಸೋದರಿಕೆಯವರೊಬ್ಬರಿಗೆ ನಾನು ಹೇಳಿದೆ: "ಅಪ್ಪ ಹೋಗಿ ಹದಿಮೂರು ದಿನ ತುಂಬಿಲ್ಲ, ಮಗನಿಗೆ ಮ್ಯಾಚ್ ಬೇಕಂತೆ." ಪಿಸುಮಾತೇನಲ್ಲ. ಕೇಳಲಿ ಅಂತಲೇ ಹೇಳಿದ್ದು. ಭಾವ ತಲೆಯೆತ್ತಿ ನೋಡಿ ಫೋನ್ ಜೇಬಿಗೆ ಹಾಕಿಕೊಂಡರು. ಮರುದಿನ ಎಲ್ಲರಿಗೂ ಬಡಿಸಿದರು, ನನ್ನ ಎಲೆಗೂ ಬಡಿಸಿದರು.

ಆ ರಾತ್ರಿ ಮಿಷಿಗನ್ 42-27ರಿಂದ ಗೆದ್ದಿತ್ತು. ಬೆಳಿಗ್ಗೆ ಫೋನ್ ಮಾಡಿ ಕೇಳುವವರು ಇರಲಿಲ್ಲ.

"ಮನೆ ಖಾಲಿ ಮಾಡುವಾಗ ಗೋಡೆ ಕ್ಯಾಲೆಂಡರ್ ತೆಗೆದೆ" ಎಂದಳು ಅಕ್ಕ. "27ಕ್ಕೆ ಸುತ್ತು ಹಾಕಿ, ಮ್ಯಾಚ್ ಅಂತ ಬರೆದಿದ್ದರು."

ಕುಶನ್ ಅಕ್ಕನೇ ಅಲ್ಲಿ ಕೊಂಡಳು. 2003ರ ಎರಡು ಟಿಕೆಟ್‌ಗೂ ಚೌಕಟ್ಟು ಹಾಕಿಸಿದಳು. ನಾನು ಪುಣೆಯಿಂದ ಒಂದು ನೋಟ್‌ಬುಕ್ ಕಳಿಸಿದೆ. ಆ ಆಟವನ್ನು ಕನ್ನಡದಲ್ಲಿ ಹೇಳಬೇಕಾದರೆ ಹೇಗೆ ಹೇಳಬೇಕು ಎಂದು ಮೂರು ವಾರ ಕೂತು ಬರೆದ ಅರವತ್ತು ಪದಗಳು. 'ಡೌನ್' ಎಂಬುದಕ್ಕೆ 'ಸರದಿ' ಎಂದು ಬರೆದಿದ್ದೆ. ಚೆಂಡು ಕೈತಪ್ಪಿ ಬೀಳುವುದಕ್ಕೆ 'ಜಾರು'. 'ಟಚ್‌ಡೌನ್' ಅನ್ನು ಹಾಗೇ ಬಿಟ್ಟೆ. ಮೊದಲ ಪುಟದಲ್ಲಿ ನಾಲ್ಕು ಸಾಲು: ಆ ರಾತ್ರಿ ನಾನು ಆಡಿದ ಮಾತು ತಪ್ಪು, ಅಕ್ಕ ಎಲ್ಲ ಹೇಳಿದಳು, ಕ್ಷಮಿಸಿ ಭಾವ.

ಪಾರ್ಸೆಲ್ ತಲುಪಿತು ಎಂದು ಅಕ್ಕನ ಮೆಸೇಜ್ ಬಂತು. ಭಾವನಿಂದ ಏನೂ ಬರಲಿಲ್ಲ.

ನವೆಂಬರ್ 30ರಂದು ಪಂದ್ಯ ಕೊಲಂಬಸ್‌ನಲ್ಲಿ. ಅಲ್ಲಿಯ ಮಧ್ಯಾಹ್ನ ಹನ್ನೆರಡು, ಇಲ್ಲಿಯ ರಾತ್ರಿ ಹತ್ತೂವರೆ. ಆ ವರ್ಷ ಮಿಷಿಗನ್ ಗೆಲ್ಲುತ್ತದೆ ಎಂದು ಹೇಳಿದವರೇ ಕಡಿಮೆ. ಎದ್ದು ಕೂತು ನೋಡಿದೆ. ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. 13-10, ಮಿಷಿಗನ್. ಮುಗಿದ ಮೇಲೆ ಗೆದ್ದವರು ಅಂಗಳದ ನಡುವೆ ಬಾವುಟ ನೆಡಲು ಹೋಗಿ ಎರಡೂ ತಂಡಗಳು ಕೈಕೈ ಮಿಲಾಯಿಸಿದವು, ಪೊಲೀಸರು ಪೆಪ್ಪರ್ ಸ್ಪ್ರೇ ಹೊಡೆದರು.

ಬೆಳಿಗ್ಗೆ ಏಳಕ್ಕೆ ಭಾವನಿಗೆ ಫೋನ್ ಮಾಡಿದೆ. ಅಲ್ಲಿ ಶನಿವಾರ ರಾತ್ರಿ.

"ಭಾವ, ಈ ಸಲ ಗೆದ್ರಾ?"

ಆ ಕಡೆ ತುಂಬ ಹೊತ್ತು ಸದ್ದಿಲ್ಲ. ಲೈನ್ ಕಟ್ಟಾಯಿತೇನೋ ಎಂದು ಎರಡು ಸಲ ಫೋನ್ ನೋಡಿಕೊಂಡೆ.

"ಗೆದ್ವಿ" ಅಂದರು. ಗಂಟಲು ಸರಿಮಾಡಿಕೊಂಡರು. "ಗೆದ್ವಿ, ಆದರೆ ಕೊನೆಗೆ ಆ ಬಾವುಟದ ಗಲಾಟೆ ಬೇಕಿರಲಿಲ್ಲ. ಅಪ್ಪ ಇದ್ದಿದ್ದರೆ ಬೈತಿದ್ದರು." ಆಮೇಲೆ ಒಂದು ಗಂಟೆ ಮಾತಾಡಿದರು. ಯಾವ ಒದೆತ ಎಲ್ಲಿಂದ, ಯಾರು ಎಲ್ಲಿ ತಪ್ಪಿದರು, ನನಗೆ ಅರ್ಥವಾಗದೆ ಉಳಿದ ಅರ್ಧ ಯಾವುದು. ಫೋನ್ ಇಡುವ ಮುಂಚೆ ನೋಟ್‌ಬುಕ್ಕಿನ ವಿಷಯ ಬಂತು.

"ಡೌನ್‌ಗೆ ಸರದಿ ಅಂತ ಬರೆದಿದ್ದೀಯ. ಅದು ಸರಿಯಾಗಲ್ಲ. ಸರದಿ ಅಂದರೆ ಮುಂದಿನದು ಬೇರೆಯವರದು. ಇಲ್ಲಿ ನಾಲ್ಕೂ ನಮ್ಮದೇ. ಸಲ ಅಂತ ಹಾಕು, ಸಾಕು. ಮೊದಲ ಸಲ, ಎರಡನೇ ಸಲ."

ಸರಿ ಭಾವ, ತಿದ್ದುತ್ತೇನೆ ಎಂದೆ.