ಕಿವಿ ಇಲ್ಲದ ಪೆಟ್ಟಿಗೆ

ನಮ್ಮ ಬಳ್ಳಾರಿಯಲ್ಲಿ ಯಾವ ಸಾಮಾನೂ ತನ್ನ ವಯಸ್ಸಿಗೆ ತಕ್ಕಂತೆ ಹಳತಾಗುವುದಿಲ್ಲ. ಬಿಸಿಲು, ಧೂಳು ಎರಡೂ ಕೂಡಿ ನಾಲ್ಕೈದು ವರ್ಷ ಮುಂಚಿತವಾಗಿಯೇ ಅದಕ್ಕೆ ಮುಪ್ಪು ತರುತ್ತವೆ. ಏಪ್ರಿಲ್ ಬಂತೆಂದರೆ 40 ಡಿಗ್ರಿ ದಾಟುವ ಊರು ಇದು. 2000ದ ನಂತರ ಗಣಿಯ ಲಾರಿಗಳು ಹಗಲಿರುಳು ಓಡುತ್ತಿದ್ದ ವರ್ಷಗಳಲ್ಲಂತೂ ಬೆಳಿಗ್ಗೆ ಒಣಹಾಕಿದ ಬಿಳಿ ಪಂಚೆ ಸಂಜೆಯ ಹೊತ್ತಿಗೆ ಸನ್ಯಾಸ ತೆಗೆದುಕೊಂಡಿರುತ್ತಿತ್ತು. ಇಂಥ ಊರಿನಲ್ಲಿ ನಮ್ಮನೆಯ ಸ್ಟೀರಿಯೋ ರಿಸೀವರ್ 35 ವರ್ಷಕ್ಕೂ ಮಿಕ್ಕಿ ಬಾಳಿತೆಂದರೆ ಅದರ ಗಟ್ಟಿತನವನ್ನು ನೀವೇ ಊಹಿಸಿಕೊಳ್ಳಿ.

1988ರಲ್ಲಿ ನಮ್ಮ ಯಜಮಾನರು ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ತಂದಿದ್ದರು. ರಿಸೀವರ್ ಎಂದರೆ ರೇಡಿಯೋ ಮತ್ತು ಆಂಪ್ಲಿಫೈಯರ್ ಒಂದೇ ಪೆಟ್ಟಿಗೆಯೊಳಗೆ ಸಂಸಾರ ಹೂಡಿದ ಯಂತ್ರ. ಕ್ಯಾಸೆಟ್ ಡೆಕ್ಕು, ಎರಡು ಸ್ಪೀಕರುಗಳು ಅದರ ನೆಂಟರು. ಇಷ್ಟೆಲ್ಲ ವಿವರ ನಮ್ಮತ್ತೆಗೆ ಬೇಕಿರಲಿಲ್ಲ. ಸಿರುಗುಪ್ಪದಿಂದ ಬಂದ ಅವರ ಪಾಲಿಗೆ ಹಾಡುವುದೆಲ್ಲ ‘ರೇಡಿಯೋ’, ಅದರ ಮೈಮೇಲೆ ತಿರುಗುವುದೆಲ್ಲ ‘ಕಿವಿ’. “ಅದರ ಕಿವಿ ಹಿಂಡವ್ವಾ, ವಾರ್ತಾ ಹೊತ್ತಾತು” ಎಂದು ದೇವರಮನೆಯಿಂದಲೇ ಕೂಗುತ್ತಿದ್ದರು.

ಬಂದವರೆದುರು ಅದು ‘ಇವರ ಸ್ಟೀರಿಯೋ’. ಇವರು ಆಫೀಸಿಗೆ ಹೋದ ಮೇಲೆ ಅದು ಯಾರದೆಂದು ಬೇರೆ ಹೇಳಬೇಕೆ? ಬೆಳಿಗ್ಗೆ ಮೀಡಿಯಂ ವೇವಿನಲ್ಲಿ ಧಾರವಾಡ. 765 ಎಂಬ ಅಂಕಿಯ ಹತ್ತಿರ ಅತ್ತೆ ಕುಂಕುಮದ ಬೊಟ್ಟು ಇಟ್ಟಿದ್ದರಿಂದ ಅಕ್ಷರ ಬಾರದ ಕೆಲಸದವಳೂ ಕೇಂದ್ರ ಹಿಡಿಯುತ್ತಿದ್ದಳು. ರಾತ್ರಿಯಾದರೆ ಮೀಡಿಯಂ ವೇವಿನ ಅಲೆಗಳು ಮೇಲಿನ ಪದರಕ್ಕೆ ಬಡಿದು ಹಿಂದಿರುಗಿ ಬರುವುದರಿಂದ ಎಲ್ಲೆಲ್ಲಿಯ ಕೇಂದ್ರಗಳೋ ಒಂದರ ಹೆಗಲ ಮೇಲೊಂದು ಕೈ ಹಾಕಿಕೊಂಡು ಬಂದುಬಿಡುತ್ತಿದ್ದವು. ತೆಲುಗು ಒಮ್ಮೆ, ತಮಿಳು ಒಮ್ಮೆ. ಎಫ್.ಎಂ. ಎಂಬ ಗುಂಡಿ ಮೊದಮೊದಲು ಅಲಂಕಾರಕ್ಕಿತ್ತು. ಹೊಸಪೇಟೆ ಆಕಾಶವಾಣಿಯ 100.5 ಬಂದ ಮೇಲೆ ಅದಕ್ಕೂ ಕೆಲಸ ಸಿಕ್ಕಿತು. ಎಫ್.ಎಂ. ಅಲೆ ನೇರ ದಾರಿಯ ಮನುಷ್ಯನಂತೆ, ಬಗ್ಗಿ ಬಳಸಿ ಬರುವುದಿಲ್ಲ. 60 ಕಿಲೋಮೀಟರಿನಾಚೆಯ ಹೊಸಪೇಟೆಯನ್ನು ಹಿಡಿಯಲು ಮಾಳಿಗೆಯ ಮೇಲೆ ವೈರು ಕಟ್ಟಿದೆವು. ರೊಟ್ಟಿ ಬಡಿಯುವಾಗ ಒಳ್ಳೆಯ ಹಾಡು ಬಂದರೆ ಹಿಟ್ಟಿನ ಕೈ ತೊಳೆಯದೆ, ಮಣಿಕಟ್ಟಿನಿಂದಲೇ ಕಿವಿ ಹಿಂಡಿ ಸದ್ದು ಏರಿಸುವ ವಿದ್ಯೆ ನನಗೆ ಕರಗತವಾಗಿತ್ತು. ಆ ಗುಂಡಿಯ ಅಂಚಿನಲ್ಲಿ ಜೋಳದ ಹಿಟ್ಟು ಕೊನೆಯವರೆಗೂ ಇತ್ತು.

ಮುಪ್ಪು ಮೊದಲು ಬಂದದ್ದೂ ಆ ಕಿವಿಗೇ. ತಿರುಗಿಸಿದರೆ ಒಗ್ಗರಣೆಯ ಸಾಸಿವೆಯಂತೆ ಚಟಪಟ. ಆಮೇಲೆ ಎಡಗಡೆಯ ಸ್ಪೀಕರ್ ಮೌನವ್ರತ ಹಿಡಿಯಿತು. ನೆತ್ತಿಯ ಮೇಲೊಂದು ಏಟು ಕೊಟ್ಟರೆ ಮಾತಾಡುವುದು, ಹತ್ತು ನಿಮಿಷಕ್ಕೆ ಮತ್ತೆ ಮುನಿಸು. ಕೌಲ್ ಬಜಾರಿನ ರಿಪೇರಿ ಸಾಹೇಬರು ಮುಚ್ಚಳ ತೆಗೆದು, ಕುಂಚದಿಂದ ಕೆಂಪು ಧೂಳು ಗುಡಿಸಿ, ಡಬ್ಬಿಯಂಥ ಪುಟ್ಟ ಕೆಪಾಸಿಟರುಗಳನ್ನು ತೋರಿಸಿದರು. “ಇದರಾಗ ರಸ ಇರ್ತೈತಮ್ಮಾ, ಶಾಖಕ್ಕ ಒಣಗಿ ಹೋಗೈತಿ. ಹಾಕಿ ಕೊಡ್ತೀನಿ, ಆದ್ರ ಈ ಸಲ ಇದು, ಮುಂದಿನ ಸಲ ಇನ್ನೊಂದು.” ಇನ್ನು ಹೊಸದು ತರೋಣ ಎಂದು ಇವರೂ ಮಗನೂ ತೀರ್ಮಾನಿಸಿದರು.

ಅಂಗಡಿಯ ಹುಡುಗ ಐದು ಸ್ಪೀಕರ್, ಜೊತೆಗೊಂದು ಗುಡುಗುವ ಪೆಟ್ಟಿಗೆ ಇರುವ ಸೆಟ್ಟನ್ನು ತೋರಿಸಿ, ವಾಟ್‌ಗಳ ಲೆಕ್ಕ ಹೇಳತೊಡಗಿದ. ಹೇಳಿದ್ದೆಲ್ಲ ಇವರಿಗೆ ಮತ್ತು ಮಗನಿಗೆ, ನನ್ನ ಕಡೆಗೆ ಬಂದದ್ದು ತಂಪು ಪಾನೀಯ ಮಾತ್ರ. ಹಿಂದೆ ಪಿ.ಎಂ.ಪಿ.ಒ. ಎಂಬ ಒಂದು ಮಾಯೆ ಇತ್ತು, ನೆನಪಿದೆಯೆ? ಅಂಗೈಯಗಲದ ಟೇಪ್ ರೆಕಾರ್ಡರಿನ ಮೇಲೂ ಸಾವಿರ ವಾಟ್ ಎಂದು ಹೊಳೆಯುವ ಅಂಕಿ ಅಂಟಿಸಿರುತ್ತಿದ್ದರು. ಅದು ಕಣ್ಣು ಮಿಟುಕಿಸುವಷ್ಟು ಹೊತ್ತಿನ ಶಕ್ತಿ, ಅಳೆಯುವುದಕ್ಕೊಂದು ಸರಿಯಾದ ಕ್ರಮವೂ ಇರಲಿಲ್ಲ. ನಿಜವಾಗಿ ನೋಡಬೇಕಾದ್ದು ಆರ್.ಎಂ.ಎಸ್. ಎಂಬ, ನಿರಂತರವಾಗಿ ಕೊಡಬಲ್ಲ ಶಕ್ತಿ. ಅದೂ ಎರಡರಷ್ಟಾದರೆ ಸದ್ದು ಎರಡರಷ್ಟಾಗುವುದಿಲ್ಲ. ನಮ್ಮ ಕಿವಿಗೆ ಎರಡರಷ್ಟು ಅನ್ನಿಸಬೇಕಾದರೆ ಸುಮಾರು 10ರಷ್ಟು ವಾಟ್ ಬೇಕು. ಬಂಡೆಗಲ್ಲಿನ ನೆಲ, ಬರಿಯ ಗೋಡೆಯ ನಮ್ಮ ಪಡಸಾಲೆಯಲ್ಲಿ ಚಮಚ ಬಿದ್ದರೇ ಮೂರು ಸಲ ಕೇಳಿಸುತ್ತದೆ. ಅಲ್ಲಿ ಐದು ಸ್ಪೀಕರ್ ಇಟ್ಟು ಯಾರನ್ನು ಹೆದರಿಸಬೇಕು?

ಆ ಹುಡುಗ ತೋರಿಸಿದ ಇನ್ನೊಂದು ಸೆಟ್ಟು ನೋಡಲು ಲಕ್ಷಣವಾಗಿತ್ತು. ನುಣ್ಣನೆಯ ಕಪ್ಪು ಮುಖ, ಒಂದು ಗುಂಡಿಯೂ ಇಲ್ಲ, ಎಲ್ಲವೂ ಫೋನಿನಿಂದಲೇ. ಜೊತೆಗೆ ಬಂದಿದ್ದ ಅತ್ತೆ ಅದರ ಸುತ್ತ ಕೈಯಾಡಿಸಿ, “ಇದಕ್ಕ ಕಿವಿ ಎಲ್ಲೈತವ್ವಾ?” ಎಂದರು. ಹುಡುಗ ನಕ್ಕ. ಮಗ ತನ್ನ ಫೋನು ಜೋಡಿಸಿ ಹಾಡು ಹಚ್ಚಿದ, ಚೆನ್ನಾಗಿಯೇ ಇತ್ತು. ಅಷ್ಟರಲ್ಲಿ ಅವನಿಗೆ ಯಾರದೋ ಕರೆ ಬಂತು. ಅವನು ಮಾತಾಡುತ್ತ ಮೆಟ್ಟಿಲಿಳಿದು ಹೋದ, ಹಾಡೂ ಅವನ ಹಿಂದೆಯೇ ಇಳಿದು ಹೋಯಿತು. ನಾವು ಮೂವರೂ ಮಾತಿಲ್ಲದ ಕಪ್ಪು ಪೆಟ್ಟಿಗೆಯನ್ನು ನೋಡುತ್ತ ಕುಳಿತೆವು. ಹಿಂದೆ ಪೆಟ್ಟಿಗೆ ಮನೆಯದಾಗಿತ್ತು, ಯಾರು ಹಿಂಡಿದರೂ ಹಾಡುತ್ತಿತ್ತು. ಇದು ಫೋನ್ ಯಾರ ಕೈಯಲ್ಲಿದೆಯೋ ಅವರದು.

ನಾನು ಎದ್ದು ಪೆಟ್ಟಿಗೆಗಳ ಬೆನ್ನು ನೋಡತೊಡಗಿದೆ. ಹೆಣ್ಣು ನೋಡಲು ಬಂದವರು ಜಡೆ ನೋಡುವಂತೆ ರಿಸೀವರ್ ಕೊಳ್ಳುವವರು ಬೆನ್ನನ್ನೇ ನೋಡಬೇಕು. ಅಲ್ಲಿ ಕೆಂಪು, ಬಿಳಿ ಬಾಯಿಯ ಜೋಡಿ ತೂತುಗಳಿದ್ದರೆ ಹಳೆಯ ಕ್ಯಾಸೆಟ್ ಡೆಕ್ಕಿಗೆ ಮನೆಯಲ್ಲಿ ಜಾಗ ಉಂಟು, ಇಲ್ಲದಿದ್ದರೆ ಇಲ್ಲ. ಗ್ರಾಮಫೋನ್ ತಟ್ಟೆಗೆ ಬೇರೆಯದೇ ತೂತು ಬೇಕು, ಅದರ ದನಿ ಬಲು ಕ್ಷೀಣ. ಡೆಕ್ಕಿಗೆ ಅಂಥ ಉಪಚಾರ ಬೇಡ. ನಮ್ಮ ಸ್ಪೀಕರುಗಳ ಬೆನ್ನಿನ ಮೇಲೆ 8 ಓಂ ಎಂದಿತ್ತು. ಬೆಲೆಯಲ್ಲೂ ಬೆಡಗಿನಲ್ಲೂ ಒಂದು ಮೆಟ್ಟಿಲು ಕೆಳಗಿದ್ದ ಮೂರನೆಯ ಸೆಟ್ಟು ಅದಕ್ಕೆ ಹೊಂದುತ್ತಿತ್ತು, ಜೋಡಿ ತೂತುಗಳಿದ್ದವು, ಎಫ್.ಎಂ. ಇತ್ತು, ಮುಖದ ಮೇಲೆ ದಪ್ಪನೆಯ ಕಿವಿಯೊಂದು ಇತ್ತು. “ಇದೇ ಇರಲಿ” ಎಂದೆ. ಮಗನ ಮುಖ ಸಣ್ಣದಾಯಿತು, ಇವರು ದುಡ್ಡು ಉಳಿಯಿತೆಂದು ಸುಮ್ಮನಾದರು.

ಜೋಡಿ ತೂತುಗಳ ಮೇಲೆ ನನಗೇಕೆ ಅಷ್ಟು ಹಟ ಎಂದರೆ, ಕುರುಗೋಡಿನ ನನ್ನ ತವರಿನಿಂದ ಬಂದ 11 ಕ್ಯಾಸೆಟ್ಟುಗಳಿವೆ. 1991ರಲ್ಲಿ ತಂಗಿಯ ಮದುವೆಯಲ್ಲಿ, ದೊಡ್ಡಬಸವೇಶ್ವರನ ಗುಡಿಯ ಓಣಿಯ ಹೆಂಗಸರೆಲ್ಲ ಸೇರಿ ಹಾಡಿದ ಅರಿಶಿನದ ಪದ, ಬೀಸುವ ಪದ, ಸೋಬಾನೆ ಎಲ್ಲವನ್ನೂ ತುಂಬಿಸಿಟ್ಟಿದ್ದೆವು. ಅಮ್ಮ ತೀರಿಕೊಂಡು 15 ವರ್ಷದ ಮೇಲಾಯಿತು. ಬುರ್ರಕಥೆಯ ದರೋಜಿ ಈರಮ್ಮನವರ ಕಾವ್ಯಗಳನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅಚ್ಚು ಹಾಕಿಸಿತು, 2014ರಲ್ಲಿ ಅವರು ಹೋದಾಗ ನಾಡೇ ನೆನೆಯಿತು. ಅರಿಶಿನ ಕುಟ್ಟುತ್ತ ಹಾಡಿದವರಿಗೆ ಅಚ್ಚಿನ ಮನೆ ಎಲ್ಲಿಂದ ಬರಬೇಕು? ಅವರ ದನಿ ಇರುವುದು ಆ ಕಂದು ಪಟ್ಟಿಯ ಮೇಲೆ ಮಾತ್ರ, ಅದೂ ಪುಡಿ ಉದುರುತ್ತಿದೆ.

ಡೆಕ್ಕಿನ ಬೆಲ್ಟು ಕರಗಿ ಅಂಟಾಗಿತ್ತು. ಸಾಹೇಬರು ಹೊಸದು ಹಾಕಿಕೊಟ್ಟರು. ಮಗ ಕೆಂಪು ಬಿಳಿ ವೈರುಗಳನ್ನು ಒಮ್ಮೆ ರಿಸೀವರಿಗೂ ಒಮ್ಮೆ ಕಂಪ್ಯೂಟರಿಗೂ ಚುಚ್ಚಿ, ಕ್ಯಾಸೆಟ್ಟುಗಳನ್ನು ಪೆನ್ ಡ್ರೈವಿಗೆ ಇಳಿಸುವ ಏರ್ಪಾಟು ಮಾಡಿದ. ಇದರಲ್ಲಿ ಅವಸರ ನಡೆಯುವುದಿಲ್ಲ. ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆಯೇ ಬೇಕು. ಹನ್ನೊಂದು ಮಧ್ಯಾಹ್ನ ನಾನು, ಅತ್ತೆ ಕುಳಿತು ಕೇಳಿದೆವು. ಇದು ಮೂಲೆಮನೆಯ ಅಜ್ಜಿ, ಇದು ದೊಡ್ಡಮ್ಮ, ಕೆಮ್ಮಿದ್ದು ಚಿಕ್ಕಮ್ಮ ಎಂದು ಹೇಳುತ್ತ ಹೋದೆ, ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಹಾಡಿನ ನಡುವೆ ಒಂದು ಕೂಸು ಅಳುತ್ತದೆ, ಯಾರೋ “ಆ ಕೂಸನ್ನ ಇಲ್ಲಿ ಕೊಡ್ರೇ” ಎನ್ನುತ್ತಾರೆ. ಆ ಕೂಸೇ ಈಗ ವೈರು ಚುಚ್ಚಿದವನು. ಏಳನೆಯ ಕ್ಯಾಸೆಟ್ಟಿನಲ್ಲಿ ಚಿಕ್ಕಮ್ಮ ನಾಲ್ಕು ನುಡಿ ಹಾಡಿ ಐದನೆಯದಕ್ಕೆ ಉಸಿರೆಳೆದುಕೊಳ್ಳುತ್ತಾಳೆ, ತಟ್ಟನೆ ಡಿಸ್ಕೋ ಹಾಡು! ನನ್ನ ತಮ್ಮ ಕಾಲೇಜಿನ ದಿನಗಳಲ್ಲಿ ಅದರ ಮೇಲೆ ಸಿನಿಮಾ ಹಾಡು ತುಂಬಿಸಿದ್ದ. ಕ್ಯಾಸೆಟ್ಟಿನ ಬೆನ್ನಿನ ಎರಡು ಪುಟ್ಟ ಹಲ್ಲು ಮುರಿದಿಟ್ಟರೆ ಅದರ ಮೇಲೆ ಬೇರೆ ತುಂಬಿಸಲಾಗದು, ನಿಮ್ಮ ಮನೆಯಲ್ಲಿ ಇಂಥವಿದ್ದರೆ ಇಂದೇ ಮುರಿಯಿರಿ. ಆ ಐದನೆಯ ನುಡಿ ಈಗ ಕುರುಗೋಡಿನಲ್ಲಿ ಯಾರಿಗೂ ಬರುವುದಿಲ್ಲ, ಕೇಳಿ ನೋಡಿದೆ.

ಹೊಸ ಪೆಟ್ಟಿಗೆಯ ಎಫ್.ಎಂ. ಗುಂಡಿಯ ಮೇಲೆ ಉಗುರುಬಣ್ಣದ ಕೆಂಪು ಚುಕ್ಕೆ ಇಟ್ಟುಕೊಟ್ಟೆ. ಅತ್ತೆಯ ಬೆರಳು ಒಂದೇ ದಿನದಲ್ಲಿ ದಾರಿ ಕಲಿಯಿತು. ಆದರೆ ಅದರಲ್ಲಿ ಮೀಡಿಯಂ ವೇವ್ ಇಲ್ಲ. ಆಕಾಶವಾಣಿಯ ಆ್ಯಪ್ ಇದೆ, ಫೋನಿನಲ್ಲಿ ಧಾರವಾಡ ಸ್ವಚ್ಛವಾಗಿ ಬರುತ್ತದೆ ಎಂದು ಮಗ ಹಚ್ಚಿ ತೋರಿಸಿದ. ಅತ್ತೆ ಪೂರ್ತಿ ಕೇಳಿ, “ಅಂದ್ರ ಧಾರವಾಡ ಕೇಳಬೇಕಾದ್ರ ಮೊದಲ ನಿನ್ನ ಕೇಳಬೇಕಾತು” ಎಂದರು. ಅವನಲ್ಲಿ ಉತ್ತರವಿರಲಿಲ್ಲ.

ಹಳೆಯದಕ್ಕೆ ಅಂಗಡಿಯವರು ಕಟ್ಟಿದ ಬೆಲೆ ಒಂದು ಹೆಸರಬೇಳೆ ಮೂಟೆಯ ಕಾಲುಭಾಗಕ್ಕೂ ಸಾಲದು. ಸಿರುಗುಪ್ಪದ ಮೈದುನ ಅದನ್ನು ಗದ್ದೆಮನೆಗೆಂದು ಒಯ್ದ. ಸಂಕ್ರಾಂತಿಗೆ ಹೋದ ಅತ್ತೆ ಅಲ್ಲಿಯೇ ಎರಡು ತಿಂಗಳು ಕುಳಿತರು. ಮೊನ್ನೆ ಮೈದುನನ ಫೋನು: “ಅತ್ತಿಗೆ, ಅವ್ವ ಬೆಳಗಾಮುಂಜಾನೆ ರೇಡಿಯೋ ಹಚ್ತಾಳ, ಆದ್ರ ಎಡಗಡಿ ಸ್ಪೀಕರ್ ಮಾತಾಡವಲ್ಲದು.”

“ನೆತ್ತಿ ಮ್ಯಾಲೆ ಒಂದು ಕೊಡಪ್ಪಾ” ಎಂದೆ.

“ಅವ್ವ ಆಗಲೇ ಕೊಟ್ಟಾಳ. ನಿಮಗ ಹೇಳು ಅಂದ್ಳು, ಅಷ್ಟೆ.”