ತಾಯಿ ಸಹಿ ಹಾಕಲಾಗದ ಕಾಗದ

'ಮಗುವಿನ ಮುಖ ನೋಡಿಕೊಂಡಾದರೂ ಸುಧಾರಿಸಿಕೊಂಡು ಹೋಗು' ಎಂಬ ಮಾತನ್ನು ಕೇಳದ ಹೆಣ್ಣು ನಮ್ಮ ಸಮಾಜದಲ್ಲಿ ಇರಲಿಕ್ಕಿಲ್ಲ. ಕೊಡವರ ಐನ್‌ಮನೆಯಲ್ಲೂ ತೋಟದ ಲೈನ್ ಮನೆಯಲ್ಲೂ ನಮ್ಮಂತಹ ಮಾಪಿಳ್ಳೆ ಮನೆಗಳಲ್ಲೂ ಅದು ಒಂದೇ ಧಾಟಿಯಲ್ಲಿ ಬರುತ್ತದೆ. ಮಗು ಎಲ್ಲರ ಮಕ್ಕಳಂತೆ ಇಲ್ಲದಿದ್ದರೆ ಮಾತು ಇನ್ನಷ್ಟು ಗಟ್ಟಿಯಾಗುತ್ತದೆ. 'ಇಂತಹ ಮಗುವನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುತ್ತೀ? ಯಾರು ನೋಡುತ್ತಾರೆ?' ಕೇಳುವವರು ಕೆಟ್ಟವರೇನಲ್ಲ. ಹೆಚ್ಚಿನವರು ನಿಜವಾದ ಮರುಕದಿಂದಲೇ ಕೇಳುತ್ತಾರೆ. ಆದರೆ ಆ ಮರುಕದ ಭಾರವನ್ನು ಹೊರಬೇಕಾದವಳು ತಾಯಿ.

ನಮ್ಮ ತಂಗಿಯ ವಿಷಯ ಬರೆಯುತ್ತಿದ್ದೇವೆ. ಅವಳ ಒಪ್ಪಿಗೆ ಇದೆ. ಹೆಸರು, ಊರು ಬೇಡ ಎಂದಿದ್ದಾಳೆ, ಅದು ನ್ಯಾಯವೇ. ನಾವು ಎಂದರೆ ಉಮ್ಮ, ಅಣ್ಣ, ಅತ್ತಿಗೆ, ಮತ್ತು ಇದನ್ನು ಬರೆಯುತ್ತಿರುವ ಅಕ್ಕ. ಅವಳ ಮಗನಿಗೆ ಈಗ ಹನ್ನೆರಡು ವರ್ಷ. ಮನೆಯಲ್ಲಿ ಅವನನ್ನು ಕರೆಯುವುದು ಮೋನು ಎಂದು. ನಾಲ್ಕು ತುಂಬಿದರೂ ಮಾತು ಬಾರದಿದ್ದಾಗ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗಿದ್ದೆವು. ಅಲ್ಲಿ ಆಟಿಸಂ ಎಂದರು. ಕೊಡಗಿನವರಿಗೆ ಮೈಸೂರು ಎಂದರೆ ಒಂದಿಡೀ ದಿನ. ಬೆಳಗಿನ ಬಸ್ಸು ಹಿಡಿದು ಹೋದರೆ ರಾತ್ರಿಗೆ ಮನೆ. ಹೀಗೆ ಎಷ್ಟು ದಿನಗಳನ್ನು ತಂಗಿ ಒಬ್ಬಳೇ ಕಳೆದಿದ್ದಾಳೋ ಲೆಕ್ಕವಿಲ್ಲ. ಗಂಡ ಒಂದು ಸಲವೂ ಜೊತೆಗೆ ಹೋದವನಲ್ಲ. 'ನಿನ್ನ ಹೊಟ್ಟೆಯ ದೋಷ' ಎಂಬುದು ಅವನ ತೀರ್ಮಾನವಾಗಿತ್ತು.

ಅವನು ಕೈ ಮಾಡುತ್ತಾನೆ ಎಂಬುದನ್ನು ತಂಗಿ ನಮಗೆ ಹೇಳಿರಲಿಲ್ಲ. ಹೇಳಿದವನು ಮೋನು. ಆಟಿಸಂ ಇರುವ ಕೆಲವು ಮಕ್ಕಳು ಕಿವಿಗೆ ಬಿದ್ದ ಮಾತನ್ನು ಬಿದ್ದ ಹಾಗೆಯೇ, ಅದೇ ಸ್ವರದಲ್ಲಿ, ಗಂಟೆಯ ಮೇಲೋ ದಿನಗಳ ಮೇಲೋ ಒಪ್ಪಿಸಿಬಿಡುತ್ತಾರೆ. 2021ರ ಬಕ್ರೀದಿಗೆ ಅವರಿಬ್ಬರೂ ನಮ್ಮಲ್ಲಿಗೆ ಬಂದಿದ್ದರು. ಎಲ್ಲರೂ ಊಟಕ್ಕೆ ಕುಳಿತಿದ್ದಾಗ ಮೋನು ಪತ್ತಿರಿ ಮುರಿಯುವುದನ್ನು ನಿಲ್ಲಿಸಿ ಒಂದು ಪೂರ್ತಿ ವಾಕ್ಯ ಹೇಳಿದ. ಅವನ ಬಾಯಿಂದ ನಾವು ಕೇಳಿದ ಮೊದಲ ಪೂರ್ತಿ ವಾಕ್ಯ ಅದು. ಇಲ್ಲಿ ಬರೆಯುವಂಥದ್ದಲ್ಲ. ಸ್ವರ ಅಪ್ಪನದೇ. ಹೇಳಿ ಮುಗಿಸಿ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡ, ಮತ್ತೆ ಪತ್ತಿರಿಗೆ ಕೈ ಹಾಕಿದ. ತಂಗಿ ತಲೆ ಎತ್ತಲಿಲ್ಲ. ಉಮ್ಮ ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಒಳಗೆ ಹೋದರು.

'ಅವನಿಗೆ ಏನೂ ತಿಳಿಯುವುದಿಲ್ಲ, ಅದೊಂದು ಪುಣ್ಯ' ಎಂದು ನೆಂಟರು ಹೇಳುತ್ತಿದ್ದರು. ಮಾತು ಬಾರದ ಮಗುವಿಗೆ ಕಿವಿಯೂ ಇಲ್ಲ ಎಂದುಕೊಳ್ಳುವ ಈ ರೂಢಿ ಎಲ್ಲಿಂದ ಬಂತೋ ತಿಳಿಯದು. ಮಗುವಿಗಾಗಿ ಮನೆ ಉಳಿಸಿಕೊಳ್ಳಬೇಕು ಎನ್ನುವವರು ಆ ಮನೆಯೊಳಗೆ ಮಗು ಏನನ್ನು ಕಲಿಯುತ್ತಿದೆ ಎಂದು ಕೇಳುವುದೇ ಇಲ್ಲ.

ಅಂದು ರಾತ್ರಿ ತಂಗಿ ಎಲ್ಲವನ್ನೂ ಹೇಳಿದಳು. ಅಣ್ಣ 'ನಾಳೆಯಿಂದಲೇ ಇಲ್ಲಿರು' ಎಂದರು. ಅವಳು ಒಪ್ಪಲಿಲ್ಲ. ಅವಳ ಲೆಕ್ಕ ಬೇರೆ ಇತ್ತು. ನಮ್ಮ ಜಿಲ್ಲೆಯಲ್ಲಿ ವಿಶೇಷ ಶಾಲೆ ಎಂದರೆ ಜನರ ಬಾಯಲ್ಲಿ ಬರುವುದು ಎರಡೇ ಹೆಸರು: ಸುಂಟಿಕೊಪ್ಪದ 'ಸ್ವಸ್ಥ', ಪಾಲಿಬೆಟ್ಟದ ಚೆಶೈರ್ ಹೋಂನವರ ಆಪರ್ಚುನಿಟಿ ಶಾಲೆ. ಒಂದು ಉತ್ತರಕ್ಕೆ, ಒಂದು ದಕ್ಷಿಣಕ್ಕೆ. ಗಂಡನ ಮನೆ ಬಿಡುವುದೆಂದರೆ ಮಗನ ಶಾಲೆ, ಅವನಿಗೆ ಹೊಂದಿಕೊಂಡ ಟೀಚರ್, ಬೆಳಗ್ಗೆ ಬರುವ ಅದೇ ವಾಹನ, ಕೂರುವ ಅದೇ ಕಿಟಕಿ, ಎಲ್ಲವನ್ನೂ ಬಿಡುವುದು. ದಾರಿ ಬದಲಾದರೇ ದಿನವಿಡೀ ಅಳುವ ಮಗು ಅದು. ಬೇರೆ ಹೆಣ್ಣುಮಕ್ಕಳು ಒಂದು ಚೀಲ ಹಿಡಿದು ಬಸ್ಸು ಹತ್ತಬಹುದು. ಇಂತಹ ಮಗುವಿನ ತಾಯಿ ಒಂದು ಇಡೀ ದಿನಚರಿಯನ್ನು ಹೊತ್ತು ತರಬೇಕು.

ಹಾಗಾಗಿ ಹೊರಡುವುದಕ್ಕೆ ಎಂಟು ತಿಂಗಳು ಹಿಡಿಯಿತು. ತವರಿಗೆ ಬಂದಾಗಲೆಲ್ಲ ತಂಗಿ ಒಂದೊಂದು ಕಾಗದ ತಂದು ಅತ್ತಿಗೆಯ ಬೀರುವಿನಲ್ಲಿಟ್ಟಳು. ಮೈಸೂರಿನ ವರದಿಗಳು, ಅಂಗವಿಕಲತೆಯ ಪ್ರಮಾಣಪತ್ರ, ಯುಡಿಐಡಿ ಕಾರ್ಡ್, ಜನನ ಪತ್ರ, ಆಧಾರ್, ನಿಕಾಹ್‌ನಾಮೆಯ ಪ್ರತಿ, ಪೆಟ್ಟು ಬಿದ್ದ ದಿನ ಆಸ್ಪತ್ರೆಯಲ್ಲಿ ಬರೆದುಕೊಟ್ಟ ಚೀಟಿ. ಮೂಲ ಪ್ರತಿ ತರಲಾಗದ್ದನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಿದಳು. ನಮ್ಮ ಗೇಟು, ಬಾವಿಕಟ್ಟೆ, ಮೋನು ಮಲಗಲಿರುವ ಕೋಣೆ, ಇವುಗಳ ಫೋಟೋ ತೆಗೆದು ದಿನವೂ ಅವನಿಗೆ ತೋರಿಸಿದಳು. ಅವನು ಉಣ್ಣುವ ನೀಲಿ ಅಂಚಿನ ತಟ್ಟೆಯಂಥದ್ದನ್ನೇ ಹುಡುಕಿ ಅತ್ತಿಗೆ ಇಲ್ಲೊಂದು ತಂದಿಟ್ಟರು. ಅಷ್ಟು ದಿನ ಕಾಯಬಾರದಿತ್ತು ಎನ್ನುವವರಿದ್ದಾರೆ. ಜೀವಕ್ಕೆ ಅಪಾಯವಿದ್ದರೆ ಕಾಗದ ಎಣಿಸುತ್ತ ಕೂರಬಾರದು, 112ಕ್ಕೋ ಮಹಿಳಾ ಸಹಾಯವಾಣಿ 181ಕ್ಕೋ ಫೋನ್ ಮಾಡಿ ಮೊದಲು ಹೊರಗೆ ಬರಬೇಕು. ಆ ಎಂಟು ತಿಂಗಳೂ ಅಣ್ಣನ ಜೀಪಿನ ಕೀಲಿ ಬಾಗಿಲ ಪಕ್ಕದ ಮೊಳೆಯಲ್ಲೇ ತೂಗಾಡುತ್ತಿತ್ತು.

2022ರ ಏಪ್ರಿಲ್‌ನಲ್ಲಿ, ಶಾಲೆಯ ವರ್ಷ ಮುಗಿದ ವಾರ, ಇಬ್ಬರೂ ಬಂದರು. ಮೊದಲ ತಿಂಗಳು ಮೋನು ಯಾರನ್ನೂ ಮಲಗಲು ಬಿಡಲಿಲ್ಲ. ಹೊರಗೆ ಬೈಕಿನ ಸದ್ದಾದರೆ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಹೋಗುತ್ತಿದ್ದ. ಮಳೆ ಹಿಡಿದ ಮೇಲೆ, ಹೆಂಚಿನ ಮೇಲಿನ ಸದ್ದಿಗೋ ಏನೋ, ಸ್ವಲ್ಪ ಸಮಾಧಾನವಾದ.

ಇಷ್ಟು ಕಷ್ಟದ ಭಾಗ ಎಂದುಕೊಂಡಿದ್ದರೆ ಅದಕ್ಕಿಂತ ಕಷ್ಟದ್ದು ಮುಂದಿತ್ತು. ಎರಡೂ ಕಡೆಯ ಹಿರಿಯರು ಸೇರಿ ರಾಜಿಗೆ ಕೂತರು. ಹೆಣ್ಣು ತಿರುಗಿ ಹೋಗುವುದಿಲ್ಲ ಎಂಬುದು ಖಚಿತವಾದ ಮೇಲೆ ಖುಲಾದ ಮಾತು ಬಂತು. ಗಂಡ ಒಪ್ಪಿದ, ಒಂದು ಶರತ್ತಿನ ಮೇಲೆ: ಮಹ್ರ್ ಹಿಂದಿರುಗಿಸಬೇಕು, ಜೊತೆಗೆ 'ಮಗನ ಖರ್ಚಿನ ಬಗ್ಗೆ ಇನ್ನು ಮುಂದೆ ಯಾವ ತಕರಾರೂ ಇಲ್ಲ' ಎಂದು ಬರೆದುಕೊಡಬೇಕು. ಕಾಗದ ಸಿದ್ಧವಾಗಿಯೇ ಇತ್ತು. ಹಿರಿಯರಲ್ಲಿ ಒಬ್ಬರು 'ಸಹಿ ಹಾಕಿ ಬಿಡುಗಡೆ ಮಾಡಿಕೊಳ್ಳಮ್ಮ, ರಿಝ್ಕ್ ಕೊಡುವವನು ಅಲ್ಲಾಹು' ಎಂದರು. ಒಪ್ಪದಿದ್ದರೆ? 'ಗಂಡು ಮಗು, ಏಳು ದಾಟಿದೆ, ಅಪ್ಪನ ಪಾಲಿಗೆ ಹೋಗುತ್ತದೆ' ಎಂಬ ಹೆದರಿಕೆ. ಒಂದು ದಿನವೂ ಮಗನ ಚಡ್ಡಿ ಬದಲಿಸದವನಿಗೆ ಮಗ ಬೇಕಾಗಿರಲಿಲ್ಲ, ಹೆದರಿಕೆ ಬೇಕಾಗಿತ್ತು.

ಇಲ್ಲಿ ನಮಗೆ ಇಬ್ಬರು ನೆರವಾದರು. ಒಬ್ಬರು ನಮ್ಮ ಪರಿಚಯದ ಉಸ್ತಾದರು. ಶಾಫಿಈ ಮದ್ಹಬಿನಲ್ಲಿ ಹಿಜಾನತ್‌ಗೆ ಅಳತೆಗೋಲು ವಯಸ್ಸಲ್ಲ, ತಮ್ಯೀಝ್, ಅಂದರೆ ಮಗುವಿಗೆ ಬರುವ ವಿವೇಚನೆ; ಸಾಮಾನ್ಯವಾಗಿ ಏಳರ ಹೊತ್ತಿಗೆ ಅದು ಬರುತ್ತದೆ ಎಂಬುದರಿಂದ ಏಳು ಎನ್ನುತ್ತಾರೆ ಎಂದು ಅವರು ಬಿಡಿಸಿ ಹೇಳಿದರು. ತನ್ನ ಆರೈಕೆ ತಾನೇ ಮಾಡಿಕೊಳ್ಳಲಾಗದ ಮಗುವನ್ನು ಕ್ಯಾಲೆಂಡರ್ ನೋಡಿ ತಾಯಿಯಿಂದ ಬಿಡಿಸಲು ಬರುವುದಿಲ್ಲ. ದೇಶದ ನ್ಯಾಯಾಲಯಗಳೂ 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯ ಪ್ರಕಾರ ನೋಡುವುದು ಮಗುವಿನ ಕ್ಷೇಮವನ್ನು.

ಇನ್ನೊಬ್ಬರು ಕಾನೂನು ಸೇವಾ ಪ್ರಾಧಿಕಾರದಿಂದ ದೊರೆತ ವಕೀಲೆ. 1987ರ ಕಾಯ್ದೆಯಂತೆ ಹೆಂಗಸರಿಗೂ ಮಕ್ಕಳಿಗೂ ಅಂಗವಿಕಲರಿಗೂ ವರಮಾನ ನೋಡದೆ ಉಚಿತವಾಗಿ ವಕೀಲರನ್ನು ಕೊಡಬೇಕು. ಇದು ನಮ್ಮ ಊರುಗಳಲ್ಲಿ ಎಷ್ಟು ಜನರಿಗೆ ಗೊತ್ತು? ಆಕೆ ಆ ಕಾಗದ ಓದಿ ಮೊದಲು ಹೇಳಿದ್ದು ಒಂದೇ ಮಾತು: 'ಇದು ನಿಮ್ಮದಲ್ಲ, ಬಿಟ್ಟುಕೊಡಲಿಕ್ಕೆ.' ಖರ್ಚು ಪಡೆಯುವ ಹಕ್ಕು ಮಗನದು. ತಾಯಿ ತನ್ನ ಬಿಡುಗಡೆಗೆ ಅದನ್ನು ಬೆಲೆಯಾಗಿ ತೆರಲಾರಳು. ಶಾ ಬಾನು ಪ್ರಕರಣದ ನಂತರ ಬಂದ 1986ರ ಕಾಯ್ದೆಯನ್ನು ತೋರಿಸಿ ಮುಸ್ಲಿಂ ಮಕ್ಕಳಿಗೆ ಎರಡು ವರ್ಷ ಮಾತ್ರ ಖರ್ಚು ಎಂದು ವಾದಿಸಿದ ಅಪ್ಪಂದಿರಿದ್ದರು. 1997ರಲ್ಲಿ ನೂರ್ ಸಬಾ ಖಾತೂನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿ, ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಡಿ ಮಕ್ಕಳ ಹಕ್ಕು ಹಾಗೆಯೇ ಇದೆ ಎಂದಿತು. ಆ ಕಲಮಿನಲ್ಲಿ ಇನ್ನೊಂದು ಸಾಲಿದೆ. ದೈಹಿಕ ಅಥವಾ ಮಾನಸಿಕ ನ್ಯೂನತೆಯಿಂದ ತನ್ನನ್ನು ತಾನು ಸಾಕಿಕೊಳ್ಳಲಾಗದ ಮಗುವಿಗೆ 18 ತುಂಬಿದ ಮೇಲೂ ಅಪ್ಪನ ಹೊಣೆ ಮುಗಿಯುವುದಿಲ್ಲ. 2024ರ ಜುಲೈಯಿಂದ ಹೊಸ ಸಂಹಿತೆಯ 144ನೇ ಕಲಮು ಅದೇ ಮಾತನ್ನು ಉಳಿಸಿಕೊಂಡಿದೆ. ಅಂದರೆ ಸಹಿ ಹಾಕಿ ಎಂದವರು ಕೇಳುತ್ತಿದ್ದದ್ದು ಮೋನುವಿನ ಬರುವ ಕೆಲವು ವರ್ಷವನ್ನಲ್ಲ, ಅವನ ಇಡೀ ಜೀವಮಾನವನ್ನು.

ತಂಗಿ ಸಹಿ ಹಾಕಲಿಲ್ಲ. 'ಮಹ್ರ್ ಬೇಕಾದರೆ ಕೊಡುತ್ತೇನೆ, ಅದು ನನ್ನದು. ಮೋನುವಿನದನ್ನು ಕೇಳಬೇಡಿ' ಎಂದಳು. ಸಭೆ ಮುರಿಯಿತು. ಕೆಲವು ನೆಂಟರು ಈಗಲೂ ನಮ್ಮ ಮನೆಯ ಊಟಕ್ಕೆ ಬರುವುದಿಲ್ಲ.

ಕೌಟುಂಬಿಕ ದೌರ್ಜನ್ಯ ತಡೆಯುವ 2005ರ ಕಾಯ್ದೆಯಡಿ ಅರ್ಜಿ ಹಾಕಿದೆವು. ಹೆಂಗಸು ತಾತ್ಕಾಲಿಕವಾಗಿ ಇರುವ ಊರಿನ ನ್ಯಾಯಾಲಯದಲ್ಲೇ ಹಾಕಬಹುದು ಎಂಬ ಅನುಕೂಲ ಅದರಲ್ಲಿದೆ. ಇಲ್ಲದಿದ್ದರೆ ಪ್ರತಿ ವಾಯಿದೆಗೂ ಮೋನುವನ್ನು ಕಟ್ಟಿಕೊಂಡು ಆ ಊರಿಗೇ ಹೋಗಬೇಕಿತ್ತು. 60 ದಿನಗಳಲ್ಲಿ ಮುಗಿಸಲು ಯತ್ನಿಸಬೇಕು ಎಂದೂ ಕಾಯ್ದೆ ಹೇಳುತ್ತದೆ. ನಮ್ಮದು ವರ್ಷಗಳನ್ನು ನುಂಗಿದೆ. 2023ರಲ್ಲಿ ಮೋನುವಿಗೆ ತಿಂಗಳಿಗೆ 6,000 ರೂಪಾಯಿಯ ಮಧ್ಯಂತರ ಆದೇಶವಾಯಿತು. ಹಣ ಒಮ್ಮೆ ಬರುತ್ತದೆ, ಎರಡು ಸಲ ಬರುವುದಿಲ್ಲ. ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದಂತೆ ಇಬ್ಬರೂ ಆಸ್ತಿ, ವರಮಾನದ ಅಫಿಡವಿಟ್ ಕೊಡಬೇಕು. ರೊಬಸ್ಟಾ ಕಾಫಿಗೆ ಎಂದೂ ಕಾಣದ ಬೆಲೆ ಬಂದ ವರ್ಷದಲ್ಲಿ 'ತೋಟದಲ್ಲಿ ಏನೂ ಹುಟ್ಟುವುದಿಲ್ಲ' ಎಂದು ಬರೆದುಕೊಟ್ಟಿದ್ದಾನೆ. ಕೊಡಗಿನಲ್ಲಿ ಕುಳಿತು ಇದನ್ನು ಓದುವವರಿಗೆ ವಿವರಿಸಬೇಕಾಗಿಲ್ಲ.

ಹಿಂಸೆಯ ಕಾರಣಕ್ಕೆ ಮದುವೆ ರದ್ದು ಕೋರಲು ಅವಕಾಶ ಕೊಡುವ 1939ರ ಮುಸ್ಲಿಂ ವಿವಾಹ ವಿಚ್ಛೇದನ ಕಾಯ್ದೆಯಡಿ ಇನ್ನೊಂದು ದಾವೆ ನಡೆಯುತ್ತಿದೆ. ತಂಗಿ ಬೆಳಗ್ಗೆ ಮೋನುವನ್ನು ಶಾಲೆಗೆ ಬಿಟ್ಟು ಹೊಲಿಗೆಗೆ ಕೂರುತ್ತಾಳೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ ಶೇಕಡಾ 40ಕ್ಕಿಂತ ಕಡಿಮೆಯಿಲ್ಲದ ನ್ಯೂನತೆ ಇರುವ ಮಕ್ಕಳಿಗೆ 6ರಿಂದ 18ರವರೆಗೆ ಹತ್ತಿರದ ಶಾಲೆಯಲ್ಲೋ ತಾವು ಬಯಸಿದ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣದ ಹಕ್ಕಿದೆ. ಹೋಗಿಬರುವ ಖರ್ಚು ಮಾತ್ರ ನಮ್ಮ ತಲೆಯ ಮೇಲೇ.

ಮೋನು ಈಗಲೂ ಆಗೊಮ್ಮೆ ಈಗೊಮ್ಮೆ ಆ ಹಳೆಯ ವಾಕ್ಯ ಹೇಳುತ್ತಾನೆ. ಆದರೆ ಅದರ ಜೊತೆಗೆ ಉಮ್ಮನ 'ಬಾ ಮೋನೇ, ಕೈ ತೊಳಿ'ಯೂ ಸೇರಿಕೊಂಡಿದೆ, ಉಮ್ಮನದೇ ಸ್ವರದಲ್ಲಿ.

18 ತುಂಬಿದ ಮೇಲೆ ಅವನ ಪರವಾಗಿ ಸಹಿ ಹಾಕಲು ತಾಯಿಗೂ ಹೊಸದಾಗಿ ಅಧಿಕಾರ ಬೇಕು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿಗೆ ಅರ್ಜಿ ಕೊಟ್ಟು ಪೋಷಕಿಯಾಗಬೇಕು. ಅದಕ್ಕೆ ಇನ್ನೂ ಆರು ವರ್ಷ ಇದೆ. ತಂಗಿ ಅರ್ಜಿಯ ನಮೂನೆಯನ್ನು ಈಗಲೇ ತಂದು ಫೈಲಿಗೆ ಸೇರಿಸಿದ್ದಾಳೆ.